ಎರಡು ವಾರಕ್ಕೊಂದು ಡೆಮೊ ಕೊಟ್ರೆ ಅಜೈಲ್ ಆಗಲ್ಲ

1/8

ರಿಪೋರ್ಟ್ ಬರೆಯೋ ಸೀಸನ್ ಶುರುವಾಗಿದೆ ಅಂತ ನನ್ನ ಇನ್‌ಬಾಕ್ಸ್ ನೋಡಿದ್ರೇ ಗೊತ್ತಾಗುತ್ತೆ. ಈ ವಾರ ಜೂನಿಯರ್ಸ್ ಐದು ಜನ ಒಂದೇ ಪ್ರಶ್ನೆ ಕಳಿಸಿದ್ದಾರೆ: "ಮೆಥಡಾಲಜಿ ಚಾಪ್ಟರ್‌ನಲ್ಲಿ ಅಜೈಲ್ ಅಂತ ಹಾಕೋದಾ, ಇಟರೇಟಿವ್ ಅಂತ ಹಾಕೋದಾ? ಯಾವುದಕ್ಕೆ ಮಾರ್ಕ್ಸ್ ಜಾಸ್ತಿ?"

ನೀವು ಏನು ಮಾಡಿದ್ರೋ ಅದನ್ನ ಹಾಕಿ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದ್ರೆ ನನಗೆ ಗೊತ್ತು, ನಿಮ್ಮಲ್ಲಿ ಹೆಚ್ಚಿನವರು ಮಾಡ್ತಿರೋದು ಇಟರೇಟಿವ್, ಬರೆಯೋದು ಅಜೈಲ್. ಯಾಕಂದ್ರೆ ಅಜೈಲ್ ಅನ್ನೋ ಪದ ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತೆ, ಗೂಗಲ್ ಮಾಡಿದ್ರೆ ಆ ದುಂಡಗಿನ ಬಾಣದ ಚಿತ್ರ ಕೂಡಲೇ ಸಿಗುತ್ತೆ, ಅದನ್ನ ಅಂಟಿಸಿದ್ರೆ ಅರ್ಧ ಪುಟ ತುಂಬುತ್ತೆ.

ಹೋದ ವರ್ಷ ನಾವೂ ಅದನ್ನೇ ಅಂಟಿಸಿದ್ವಿ. ವೈವಾಗೆ ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಮೇಡಂ ಆ ಪುಟ ತೆರೆದು, ಬಾಣದ ಮೇಲೆ ಪೆನ್ ಇಟ್ಟು ಕೇಳಿದ್ರು: "ಯಾವ ಸ್ಪ್ರಿಂಟ್ ಆದ್ಮೇಲೆ ನಿಮ್ಮ ಪ್ಲಾನ್ ಬದಲಾಯ್ತು?"

ನಾಲ್ಕು ಜನ ನಾಲ್ಕು ಕಡೆ ನೋಡಿದ್ವಿ. ಪ್ಲಾನ್ ಬದಲಾಗಿರಲೇ ಇಲ್ಲ. ಬದಲಾಗದೇ ಇದ್ದದ್ದನ್ನ ನಾವು ಹೆಮ್ಮೆಯ ವಿಷಯ ಅಂದ್ಕೊಂಡಿದ್ವಿ.

ಮಾರ್ಕ್ಸ್ ಬಂತು, ಅದೇನೂ ತೊಂದರೆ ಆಗಲಿಲ್ಲ. ನಷ್ಟ ಆಗಿದ್ದು ಬೇರೆ ಕಡೆ. ಮುಂದಿನ ಕ್ಯಾಪ್ಶನ್ ಓದಿ.

2/8

ದೊಮ್ಮಲೂರು ಲೇಔಟ್‌ನಲ್ಲಿ ನಮ್ಮ ಪಿಜಿಯಿಂದ ಎರಡು ರಸ್ತೆ ಆಚೆ ಒಬ್ಬ ಆಂಟಿ ಇದ್ದಾರೆ. ಚನ್ನರಾಯಪಟ್ಟಣದ ಕಡೆಯವರು. ಮನೆಯಲ್ಲೇ ಅಡುಗೆ ಮಾಡಿ ದಿನಾ ಮಧ್ಯಾಹ್ನ 60 ಡಬ್ಬಿ ಊಟ ಕಳಿಸ್ತಾರೆ. ಪಿಜಿಗಳಿಗೆ, ಪಕ್ಕದ ಆಫೀಸುಗಳಿಗೆ. ಲೆಕ್ಕ ಎಲ್ಲ ಒಂದು ಗೆರೆ ಹಾಕಿದ ನೋಟ್‌ಬುಕ್‌ನಲ್ಲಿ. ಇವರಿಗೊಂದು ಆ್ಯಪ್ ಮಾಡಿಕೊಡೋಣ ಅಂತ ಫೈನಲ್ ಇಯರ್ ಪ್ರಾಜೆಕ್ಟ್ ತಗೊಂಡ್ವಿ.

ಮೊದಲ ದಿನ ಹೋಗಿ ಅರ್ಧ ಗಂಟೆ ಮಾತಾಡಿಸಿದ್ವಿ. ಬಂದು ಸಿನಾಪ್ಸಿಸ್ ಬರೆದ್ವಿ. ಆರು ಮಾಡ್ಯೂಲ್: ಲಾಗಿನ್, ಮೆನು, ಆರ್ಡರ್, ಪೇಮೆಂಟ್, ಡೆಲಿವರಿ, ಡ್ಯಾಶ್‌ಬೋರ್ಡ್. ಗೈಡ್ ಸೈನ್ ಹಾಕಿದ್ರು. ಆಮೇಲೆ ಎರಡು ವಾರಕ್ಕೊಂದು ಸ್ಪ್ರಿಂಟ್, ಪ್ರತಿ ಶುಕ್ರವಾರ ಡೆಮೊ. ಫ್ಲಟರ್, ಫೈರ್‌ಬೇಸ್, ಗಿಟ್‌ಹಬ್‌ನಲ್ಲಿ ಹಸಿರು ಚೌಕ ತುಂಬಿ ತುಳುಕ್ತಿತ್ತು. ಲಾಗಿನ್ ಸ್ಕ್ರೀನ್ ಒಂದನ್ನೇ ಮೂರು ಸಲ ತಿದ್ದಿದ್ವಿ. ಡ್ಯಾಶ್‌ಬೋರ್ಡ್‌ನಲ್ಲಿ ಪೈ ಚಾರ್ಟ್ ಇತ್ತು. ತಿರುಗ್ತಿತ್ತು ಕೂಡ.

ಡೆಮೊ ಯಾರಿಗೆ ಕೊಡ್ತಿದ್ವಿ? ನಮಗೆ ನಾವೇ. ತಿಂಗಳಿಗೊಮ್ಮೆ ಗೈಡ್‌ಗೆ.

ಆಂಟಿ ಅದನ್ನ ಮೊದಲ ಸಲ ನೋಡಿದ್ದು ನಾಲ್ಕನೇ ತಿಂಗಳಲ್ಲಿ. ಕೈ ಒರೆಸಿಕೊಂಡು ಫೋನ್ ತಗೊಂಡ್ರು, ಎರಡು ನಿಮಿಷ ನೋಡಿದ್ರು. "ಚೆನ್ನಾಗೈತೆ ಕಣಪ್ಪ. ಆದ್ರೆ ನಾಳೆ ಯಾರ್ಯಾರಿಗೆ ಊಟ ಬೇಡ ಅನ್ನೋದು ರಾತ್ರಿ ಒಂಬತ್ತಕ್ಕೇ ನಂಗೆ ಗೊತ್ತಾಗ್ಬೇಕಲ್ಲ, ಅದು ಇದ್ರಲ್ಲಿ ಎಲ್ಲೈತೆ?"

ಎಲ್ಲೂ ಇರಲಿಲ್ಲ. ಅವರ ಗಿರಾಕಿಗಳು ತಿಂಗಳಿಗೆ ದುಡ್ಡು ಕಟ್ಟುವವರು, ದಿನಾ ಆರ್ಡರ್ ಮಾಡುವವರಲ್ಲ. ಅವರಿಗೆ ಬೇಕಿದ್ದದ್ದು ಆರ್ಡರ್ ಬಟನ್ ಅಲ್ಲ, "ನಾಳೆ ಬೇಡ" ಅನ್ನೋ ಬಟನ್. ಅಕ್ಕಿ ಬೆಂದ ಮೇಲೆ ಹನ್ನೊಂದೂವರೆಗೆ ಫೋನ್ ಬರುತ್ತೆ, "ಆಂಟಿ ಇವತ್ತು ನಂಗೆ ಬೇಡ" ಅಂತ. ದಿನಾ ಆರೇಳು ಡಬ್ಬಿ ಹಾಗೇ ಉಳಿಯುತ್ತೆ. ಅವರ ಲಾಭ ಇರೋದೇ ಆ ಆರೇಳು ಡಬ್ಬಿಯಲ್ಲಿ.

ಒಂದು ದಿನದ ಕೆಲಸ ಅದು. ಸಿನಾಪ್ಸಿಸ್‌ನಲ್ಲಿ ಇಲ್ಲ, ಈಗ ಸೇರಿಸೋಕಾಗಲ್ಲ ಅಂತ ನಾವೇ ತೀರ್ಮಾನ ಮಾಡಿ ಡೆಲಿವರಿ ಮಾಡ್ಯೂಲ್ ಪಾಲಿಶ್ ಮಾಡೋಕೆ ಹೋದ್ವಿ. ಆಂಟಿ ನೋಟ್‌ಬುಕ್‌ಗೇ ವಾಪಸ್ ಹೋದ್ರು.

3/8

ಈಗ ಪದಗಳಿಗೆ ಬರೋಣ. ಟೆಕ್ಸ್ಟ್‌ಬುಕ್ ಬಿಡಿ, ಆಂಟಿ ಅಡುಗೆಮನೆಯಿಂದಲೇ ಹೇಳ್ತೀನಿ.

ಇಟರೇಟಿವ್ ಅಂದ್ರೆ ಮಾಡಿದ್ದನ್ನೇ ಮತ್ತೆ ಕೈಗೆತ್ತಿಕೊಂಡು ತಿದ್ದೋದು. ಸಾರು ಕುದೀತಿರುವಾಗ ಸೌಟಿಂದ ಒಂದು ಹನಿ ಅಂಗೈಗೆ ಹಾಕ್ಕೊಂಡು ರುಚಿ ನೋಡ್ತಾರಲ್ಲ, ಅದು. ಉಪ್ಪು ಸಾಲದು, ಹಾಕು. ಮತ್ತೆ ನೋಡು. ಹುಳಿ ಮುಂದಾಯ್ತು, ಚೂರು ಬೆಲ್ಲ ಹಾಕು. ಪ್ರತಿ ಸುತ್ತಿಗೂ ರುಚಿ ಹತ್ತುತ್ತೆ. ಆದ್ರೆ ಅದು ಸಾರೇ. ಇವತ್ತು ಸಾರು ಅಂತ ಬೆಳಗ್ಗೆಯೇ ತೀರ್ಮಾನ ಆಗಿದೆ.

ಇನ್‌ಕ್ರಿಮೆಂಟಲ್ ಅಂದ್ರೆ ಅನ್ನ ಆಯ್ತು, ಆಮೇಲೆ ಪಲ್ಯ, ಆಮೇಲೆ ಹಪ್ಪಳ. ಒಂದೊಂದೇ ಸೇರಿಸ್ತಾ ಹೋಗೋದು.

ಅಜೈಲ್ ಇವೆರಡನ್ನೂ ಮಾಡುತ್ತೆ. ಜೊತೆಗೆ ಇನ್ನೊಂದು ಮಾಡುತ್ತೆ. ಉಂಡವರು "ಸೆಖೆ ಜಾಸ್ತಿ ಆಂಟಿ, ಸಾರಿಗಿಂತ ಮಜ್ಜಿಗೆ ಹುಳಿ ಇದ್ರೆ ಚೆನ್ನಾಗಿರ್ತಿತ್ತು" ಅಂದ್ರೆ, ನಾಳೆಯ ಮೆನು ಬದಲಾಗುತ್ತೆ. ರುಚಿ ಸರಿಮಾಡೋದಲ್ಲ, ಅಡುಗೆಯೇ ಬೇರೆ.

ಹಾಗಾಗಿ ಅಜೈಲ್ ಎಲ್ಲವೂ ಇಟರೇಟಿವ್. ಇಟರೇಟಿವ್ ಎಲ್ಲವೂ ಅಜೈಲ್ ಅಲ್ಲ. ವ್ಯತ್ಯಾಸ ಸ್ಪ್ರಿಂಟ್‌ನ ಉದ್ದದಲ್ಲಿಲ್ಲ, ಸ್ಟ್ಯಾಂಡಪ್‌ನಲ್ಲಿಲ್ಲ, ಹಳದಿ ಚೀಟಿ ಅಂಟಿಸೋ ಬೋರ್ಡ್‌ನಲ್ಲಿಲ್ಲ. ಡೆಮೊ ನೋಡಿದವರ ಮಾತಿಗೆ ನಿಮ್ಮ ಮುಂದಿನ ಕೆಲಸದ ಪಟ್ಟಿ ಬದಲಾಗೋ ಅವಕಾಶ ಇದೆಯಾ, ಇಲ್ವಾ? ಆ ಒಂದು ಪ್ರಶ್ನೆಯಲ್ಲಿದೆ. ಮೇಡಂ ಕೇಳಿದ್ದೂ ಅದನ್ನೇ.

ಸ್ಕ್ರಮ್‌ನ ನಿಯಮ ನೋಡಿ. ಒಂದು ಸ್ಪ್ರಿಂಟ್ ಒಂದು ತಿಂಗಳಿಗಿಂತ ಹೆಚ್ಚು ಇರಬಾರದು ಅಂತಾರೆ. ನಾವೆಲ್ಲ ಬಾಯಿಪಾಠ ಮಾಡಿರೋದು ಅಷ್ಟೇ. ಆದ್ರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅಂತ ನಿರ್ಧರಿಸೋಕೆ ಒಬ್ಬ ಪ್ರಾಡಕ್ಟ್ ಓನರ್ ಇರಬೇಕು ಅಂತಲೂ ಅದೇ ಹೇಳುತ್ತೆ. ನಮ್ಮ ಟೀಮ್‌ನಲ್ಲಿ ಆ ಜಾಗ ಖಾಲಿ ಇತ್ತು. ಸೈನ್ ಆದ ಒಂದು ಹಾಳೆ ಅಲ್ಲಿ ಕೂತಿತ್ತು.

4/8

"ಹಾಗಾದ್ರೆ ಇಟರೇಟಿವ್ ಅಂದ್ರೆ ಹಳೇ ಕಾಲದ್ದು, ಕಳಪೆ, ಅಲ್ವಾ?" ಅಂತ ಕೇಳೋರಿಗೆ ಈ ಭಾಗ. ಸ್ವಲ್ಪ ಉದ್ದ ಇದೆ, ಯಾಕಂದ್ರೆ ನನಗಿದು ಇಷ್ಟ.

ದೊಮ್ಮಲೂರು ಫ್ಲೈಓವರ್ ಹತ್ರದಿಂದ ಹಳೇ ಏರ್‌ಪೋರ್ಟ್ ರಸ್ತೆ ಹಿಡಿದು ಪೂರ್ವಕ್ಕೆ ಹೋಗಿ. ಕೋಡಿಹಳ್ಳಿ ದಾಟಿ ಮುರುಗೇಶಪಾಳ್ಯಕ್ಕೆ ಬಂದ್ರೆ ವಿಂಡ್ ಟನಲ್ ರೋಡ್ ಅಂತ ಬೋರ್ಡ್ ಕಾಣುತ್ತೆ. ಟ್ರಾಫಿಕ್‌ನಲ್ಲಿ ಅದೇ ಬೋರ್ಡ್ ಮುಂದೆ ನಿಂತಿದ್ರೂ ಅದು ಯಾಕೆ ಆ ಹೆಸರು ಅಂತ ಎಷ್ಟು ಜನ ಯೋಚಿಸಿದ್ದೀರ? ಆ ರಸ್ತೆ ಎನ್‌ಎಎಲ್‌ನ ವಿಂಡ್ ಟನಲ್ ಕಡೆಗೆ ಹೋಗುತ್ತೆ, ಅಲ್ಲಿ ವಿಮಾನದ ಮಾದರಿಗಳ ಮೇಲೆ ಗಾಳಿ ಬಿಟ್ಟು ಪರೀಕ್ಷೆ ಮಾಡ್ತಾರೆ. ಇನ್ನೂ ಮುಂದೆ ಹೋದ್ರೆ ಎಚ್‌ಎಎಲ್ ವಿಮಾನ ನಿಲ್ದಾಣ. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿದ್ದು ಅಲ್ಲಿಂದಲೇ. ಆಗ ಅದಕ್ಕಿನ್ನೂ ತೇಜಸ್ ಅನ್ನೋ ಹೆಸರಿರಲಿಲ್ಲ, ಟಿಡಿ-1 ಅಷ್ಟೇ. ಹಾರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್.

ಈ ವಿಮಾನವನ್ನ ಬೇಕಂತಲೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ. ಚುರುಕಾಗಿ ತಿರುಗಲಿ ಅಂತ. ಹಾಗಾಗಿ ಕ್ಷಣಕ್ಷಣಕ್ಕೂ ಕಂಪ್ಯೂಟರ್ ಸರಿಮಾಡ್ತಾ ಇರದಿದ್ರೆ ಪೈಲಟ್ ಕೈಯಲ್ಲಿ ಅದು ನಿಲ್ಲಲ್ಲ. ಒಂದು ಚಾನೆಲ್ ಕೆಟ್ಟರೆ ಇನ್ನೊಂದು ಇರಲಿ ಅಂತ ನಾಲ್ಕು ಚಾನೆಲ್‌ನ ಡಿಜಿಟಲ್ ವ್ಯವಸ್ಥೆ. ಅದರೊಳಗಿನ ಕಂಟ್ರೋಲ್ ಲಾ ಬರೆಯೋಕೆ 1992ರಲ್ಲಿ ಎನ್‌ಎಎಲ್ ಮುಂದಾಳತ್ವದಲ್ಲಿ ಒಂದು ರಾಷ್ಟ್ರೀಯ ತಂಡ ಕಟ್ಟಿದ್ರು. ಬರೆದ್ರು, ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳನ್ನ ಕೂರಿಸಿದ್ರು, ತಿದ್ದಿದ್ರು. 1996ರಲ್ಲಿ ಅಮೆರಿಕದ ಒಂದು ಎಫ್-16ಗೆ ತೇಜಸ್‌ನ ಗುಣ ಬರೋ ಹಾಗೆ ಮಾಡಿ ಹಾರಿಸಿ ನೋಡಿದ್ರು. ಮತ್ತೆ ತಿದ್ದಿದ್ರು. ಟಿಡಿ-1 ಆದ್ಮೇಲೆ 2002ರಲ್ಲಿ ಟಿಡಿ-2, 2003ರಲ್ಲಿ ಪಿವಿ-1. ಶಬ್ದದ ವೇಗ ದಾಟಿದ್ದು 2003ರ ಆಗಸ್ಟ್ 1ಕ್ಕೆ, ಮೊದಲ ಹಾರಾಟ ಆಗಿ ಎರಡೂವರೆ ವರ್ಷದ ಮೇಲೆ. ಒಂದೊಂದು ಹಾರಾಟಕ್ಕೂ ವೇಗ ಇಷ್ಟು, ಎತ್ತರ ಇಷ್ಟು ಅಂತ ಮಿತಿ ಹಿಗ್ಗಿಸ್ತಾ ಹೋದ್ರು.

ಇದಕ್ಕಿಂತ ಶುದ್ಧ ಇಟರೇಟಿವ್ ಕೆಲಸ ನಮ್ಮ ಏರಿಯಾದಲ್ಲಿ ಬೇರೆ ಇಲ್ಲ. ಇದನ್ನ ಅಜೈಲ್ ಮಾಡೋಕೆ ಹೋದ್ರೆ? "ಈ ಸ್ಪ್ರಿಂಟ್‌ನಲ್ಲಿ ಆಗಲಿಲ್ಲ, ಲ್ಯಾಂಡಿಂಗ್ ಮುಂದಿನ ಸ್ಪ್ರಿಂಟ್‌ಗೆ ಹಾಕೋಣ" ಅಂತ ಹೇಳೋಕಾಗುತ್ತಾ ಮಗಾ?

5/8

ಜನವರಿ 4 ಆಗಿ 38 ದಿನಕ್ಕೆ, 2001ರ ಫೆಬ್ರವರಿ 11ರಂದು, ಅಮೆರಿಕದ ಯೂಟಾದ ಸ್ನೋಬರ್ಡ್ ಅನ್ನೋ ಹಿಮದ ರೆಸಾರ್ಟ್‌ನಲ್ಲಿ 17 ಜನ ಸೇರಿದ್ರು. ಮೂರು ದಿನ ಕೂತು ಅಜೈಲ್ ಮ್ಯಾನಿಫೆಸ್ಟೊ ಬರೆದ್ರು. ನಾಲ್ಕು ಮೌಲ್ಯ, ಹನ್ನೆರಡು ತತ್ವ. ಅದರಲ್ಲಿ ಸ್ಪ್ರಿಂಟ್ ಎರಡು ವಾರ ಇರಬೇಕು ಅಂತ ಎಲ್ಲೂ ಇಲ್ಲ. ಒಪ್ಪಂದದ ಚೌಕಾಸಿಗಿಂತ ಗ್ರಾಹಕರ ಜೊತೆಗಿನ ಕೆಲಸ ಮುಖ್ಯ, ಹಾಕಿಕೊಂಡ ಯೋಜನೆಗಿಂತ ಬದಲಾವಣೆಗೆ ಸ್ಪಂದಿಸೋದು ಮುಖ್ಯ ಅನ್ನೋ ಅರ್ಥದ ಮಾತಿದೆ.

ತಿರುಗಿ ತಿರುಗಿ ತಿದ್ದೋದನ್ನ ಅವರು ಕಂಡುಹಿಡಿದಿದ್ದಲ್ಲ. ಅದು ಆಗಲೇ ಹಳೇದಾಗಿತ್ತು. 1960ರ ದಶಕದ ಶುರುವಿನಲ್ಲೇ ನಾಸಾದ ಮರ್ಕ್ಯುರಿ ಯೋಜನೆಯ ಸಾಫ್ಟ್‌ವೇರ್ ತಂಡ ಅರ್ಧ ದಿನದ ಸುತ್ತುಗಳಲ್ಲಿ ಕೆಲಸ ಮಾಡ್ತಿತ್ತು. ಇನ್ನೊಂದು ತಮಾಷೆ ಹೇಳ್ತೀನಿ. ನಿಮ್ಮ ರಿಪೋರ್ಟ್‌ಗಳಲ್ಲಿ ವಾಟರ್‌ಫಾಲ್ ಅಂತ ಮೆಟ್ಟಿಲು ಮೆಟ್ಟಿಲಿನ ಚಿತ್ರ ಹಾಕಿ ಬೈತೀರಲ್ಲ, ಅದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಲೇಖನದ್ದು. ಆ ಮನುಷ್ಯ ಅದೇ ಲೇಖನದಲ್ಲಿ ಹೀಗೆ ಮಾಡೋದು ಅಪಾಯ, ಒಮ್ಮೆ ಮಾಡಿ ನೋಡಿ ಇನ್ನೊಮ್ಮೆ ಮಾಡಿ ಅಂತ ಹೇಳಿದ್ದಾರೆ. ಅವರ ಮೇಲೆ ಐವತ್ತು ವರ್ಷದಿಂದ ತಪ್ಪು ಕೇಸು ನಡೀತಿದೆ.

ಅಂದ್ರೆ ಸ್ನೋಬರ್ಡ್‌ನವರ ಮಾತಿನಲ್ಲಿ ಹೊಸದಾಗಿ ಜೋರಾಗಿ ಕೇಳಿಸಿದ್ದು ಸುತ್ತು ಹಾಕೋ ವಿದ್ಯೆ ಅಲ್ಲ. ಅಧಿಕಾರ ಯಾರ ಕೈಯಲ್ಲಿ ಅನ್ನೋದು.

6/8

ಇನ್‌ಕ್ರಿಮೆಂಟಲ್ ಬಗ್ಗೆ ಒಂದು ಮಾತು ಹೇಳದಿದ್ರೆ ಸರಿಯಲ್ಲ, ಯಾಕಂದ್ರೆ ವೈವಾದಲ್ಲಿ ಇದನ್ನೂ ಇಟರೇಟಿವ್ ಜೊತೆ ಕಲಸಿ ಹೇಳ್ತೀರ.

ನಮ್ಮ ಮೆಟ್ರೋ ನೋಡಿ. ಮೊದಲ ತುಂಡು 2011ರ ಅಕ್ಟೋಬರ್ 20ರಂದು ತೆರೆದಿದ್ದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್. ಚಿಕ್ಕದೇ, ಆದ್ರೆ ಅಷ್ಟೇ ಇದ್ದಾಗಲೂ ಇಂದಿರಾನಗರದಲ್ಲಿ ಹತ್ತಿ ಎಂ.ಜಿ. ರೋಡ್‌ನಲ್ಲಿ ಇಳಿಯೋರಿಗೆ ಉಪಯೋಗಕ್ಕೆ ಬಂತು. ಒಳ್ಳೇ ಇನ್‌ಕ್ರಿಮೆಂಟ್ ಅಂದ್ರೆ ಅದು. ಆಮೇಲೆ 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ 13.71 ಕಿ.ಮೀ. ತೆರೆದ್ರು. ಆದ್ರೆ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಸುಮಾರು ಎರಡು ಕಿ.ಮೀ. ಬಾಕಿ. ಜನ ಇಳಿದು, ಫೀಡರ್ ಬಸ್ ಹತ್ತಿ, ಮತ್ತೆ ಮೆಟ್ರೋ ಹತ್ತಬೇಕಾಗಿತ್ತು. ಆ ಚೂರು ಸೇರಿದ್ದು ಅಕ್ಟೋಬರ್ 9ಕ್ಕೆ. ಹದಿಮೂರು ಕಿ.ಮೀ. ಕಟ್ಟಿದ್ರೂ ಎರಡು ಕಿ.ಮೀ. ಇಲ್ಲದೆ ಅದರ ಪೂರ್ತಿ ಬೆಲೆ ಸಿಗಲಿಲ್ಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಫ್ರಂಟ್‌ಎಂಡ್ 90%, ಬ್ಯಾಕ್‌ಎಂಡ್ 90%, ಎರಡನ್ನೂ ಜೋಡಿಸೋದು 0% ಇದೆಯಲ್ಲ, ಅದೇ ಇದು.

ಇದೂ ಅಜೈಲ್ ಅಲ್ಲ. ಇಂದಿರಾನಗರದವರು ಒಂದು ವಾರ ಓಡಾಡಿ ನೋಡಿ "ನಮ್ಮ ದೊಮ್ಮಲೂರಿಗೊಂದು ತಿರುವು ಕೊಡಿ" ಅಂದ್ರೆ ಹಳಿ ತಿರುಗಲ್ಲ. ಕಾಂಕ್ರೀಟ್‌ಗೆ ಆ ಸೌಕರ್ಯ ಇಲ್ಲ. ಸಾಫ್ಟ್‌ವೇರ್‌ಗೆ ಇದೆ, ನಾವು ಬಳಸಲ್ಲ.

(ಹಳೇ ಕಾಲದ ಇನ್‌ಕ್ರಿಮೆಂಟ್ ನೋಡಬೇಕಾ? ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ಹೋಗಿ. ಅಲ್ಲಿನ 13ನೇ ಶತಮಾನದ ಒಂದು ತಮಿಳು ಶಾಸನ, ಗಂಡ ಹೆಂಡತಿ ಸೇರಿ ಬಾಗಿಲಿಗೆ ಎರಡು ಕಂಬ ಕೊಟ್ಟಿದ್ದನ್ನ ದಾಖಲೆ ಮಾಡಿದೆ. ಯಾರು, ಏನು ಸೇರಿಸಿದ್ರು, ಎಲ್ಲ ಕಲ್ಲಲ್ಲಿ. ನಮ್ಮ ಟೀಮ್‌ನ ಕಮಿಟ್ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ "ಫೈನಲ್ ಫೈನಲ್ 2" ಅಂತ ಇತ್ತು.)

7/8

ಹಾಗಾದ್ರೆ ನಿಜವಾದ ಅಜೈಲ್ ಎಲ್ಲಿದೆ? ಪಕ್ಕದ ಕೋರಮಂಗಲದಲ್ಲಿ ಹುಟ್ಟಿದ ಒಂದು ಉದಾಹರಣೆ ಕೊಡ್ತೀನಿ, ನಿಮ್ಮ ಫೋನ್‌ನಲ್ಲೇ ಇರಬಹುದು. ನಮ್ಮ ಯಾತ್ರಿ. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಸಂಘದ ಜೊತೆ ಸೇರಿ ಬಂದ ಆ್ಯಪ್. ಶುರುವಿನಲ್ಲಿ ಚಾಲಕರಿಂದ ಏನೂ ತಗೊಳ್ತಿರಲಿಲ್ಲ. 2023ರಲ್ಲಿ ಕಮಿಷನ್ ಬದಲು ದಿನಕ್ಕೆ 25 ರೂಪಾಯಿ ಚಂದಾ ತಂದ್ರು. 2024ರಲ್ಲಿ ಕ್ಯಾಬ್ ಸೇರಿಸಿದ್ರು. ಬಟನ್ ಬಣ್ಣ ಬದಲಾಗಿದ್ದಲ್ಲ ಗಮನಿಸಿ. ದುಡ್ಡು ಹೇಗೆ ಬರಬೇಕು ಅನ್ನೋ ಲೆಕ್ಕವೇ ಬದಲಾಗಿದೆ, ಜನ ಬಳಸ್ತಾ ಇರುವಾಗಲೇ. ಯಾವ ಸಿನಾಪ್ಸಿಸ್‌ನಲ್ಲೂ ಇದನ್ನ ಮೊದಲೇ ಬರೆಯೋಕಾಗಲ್ಲ.

ಆದ್ರೆ ಅಜೈಲ್ ಪುಕ್ಕಟೆ ಬರಲ್ಲ, ಇದನ್ನ ಯಾರೂ ಕ್ಲಾಸ್‌ನಲ್ಲಿ ಹೇಳಲ್ಲ. ಬಳಸೋರ ಸಮಯ ಬೇಕು. ನಮ್ಮ ಆಂಟಿ ಬೆಳಗ್ಗೆ ಐದರಿಂದ ಮಧ್ಯಾಹ್ನ ಎರಡರವರೆಗೆ ಸಿಗಲ್ಲ. ಮೂರೂವರೆಗೆ ಸಿಗ್ತಾರೆ, ಅದೂ ಅರ್ಧ ನಿದ್ದೆಯಲ್ಲಿ. ಆಮೇಲೆ ಮಾಡಿದ ಕೆಲಸ ಬಿಸಾಕೋ ಧೈರ್ಯ ಬೇಕು. ಪೈ ಚಾರ್ಟ್ ತಿರುಗೋ ಹಾಗೆ ಮಾಡೋಕೆ ನಮ್ಮ ಫ್ರೆಂಡ್ ಒಬ್ಬ ಎರಡು ರಾತ್ರಿ ನಿದ್ದೆಗೆಟ್ಟಿದ್ದ. ಅದನ್ನ ಕಿತ್ತುಹಾಕು ಅಂತ ಹೇಳೋಕೆ ನನ್ನ ಬಾಯಿ ಬರಲಿಲ್ಲ. ದುಡ್ಡು ಕೊಡೋರಿಗೂ ಕೊನೆಗೆ ಏನು ಸಿಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ, ಅದು ಅವರಿಗೆ ಕಿರಿಕಿರಿ. ಹಾಗಾಗಿ ಎಷ್ಟೋ ಕಡೆ ಕಾಂಟ್ರಾಕ್ಟ್‌ನಲ್ಲಿ ಎಲ್ಲ ಮೊದಲೇ ಬರೆದು ಬೀಗ ಹಾಕಿ, ಒಳಗೆ ಮಾತ್ರ ಸ್ಪ್ರಿಂಟ್ ಅಂತ ಕರೀತಾರೆ. ಈಗ ಕೆಲಸಕ್ಕೆ ಸೇರಿರೋ ನನ್ನ ಕ್ಲಾಸ್‌ಮೇಟ್ಸ್ ಹೇಳೋ ಕಥೆ ಕೇಳಿ: ಹದಿನೈದು ನಿಮಿಷದ ಸ್ಟ್ಯಾಂಡಪ್ ಮುಕ್ಕಾಲು ಗಂಟೆ, ಎಲ್ಲರೂ ಕೂತ್ಕೊಂಡೇ. ಬಳಸೋ ಮನುಷ್ಯನ ಮುಖ ಒಬ್ಬರೂ ನೋಡಿಲ್ಲ.

ಇಂಟರ್‌ವ್ಯೂನಲ್ಲಿ "ಅಜೈಲ್ ಗೊತ್ತಾ?" ಅಂತ ಕೇಳಿದಾಗ ಸೆರೆಮನಿಗಳ ಹೆಸರು ಒದರಬೇಡಿ. ಯಾರೋ ಏನೋ ಹೇಳಿದ್ದಕ್ಕೆ ನೀವು ಏನನ್ನ ಬಿಟ್ಟು ಏನನ್ನ ಮಾಡಿದ್ರಿ, ಆ ಒಂದು ಕಥೆ ಹೇಳಿ. ಇಲ್ಲದಿದ್ರೆ "ನಾವು ಮಾಡಿದ್ದು ಇಟರೇಟಿವ್, ಸ್ಕೋಪ್ ಮೊದಲೇ ನಿಗದಿಯಾಗಿತ್ತು" ಅನ್ನಿ. ಆ ಉತ್ತರದಲ್ಲಿ ತಲೆತಗ್ಗಿಸೋದೇನೂ ಇಲ್ಲ.

8/8

ರಿಪೋರ್ಟ್ ಪ್ರಶ್ನೆಗೆ ವಾಪಸ್ ಬರ್ತೀನಿ.

ನಿಮ್ಮದು ಅಲ್ಗಾರಿದಮ್ ಪ್ರಾಜೆಕ್ಟ್ ಅಂದ್ಕೊಳ್ಳಿ. ಕನ್ನಡ ಕೈಬರಹ ಗುರುತಿಸೋದು, ಟ್ರಾಫಿಕ್ ಎಣಿಸೋದು, ಅಂಥದ್ದು. ಗುರಿ ಗೊತ್ತು, ದಾರಿ ಗೊತ್ತಿಲ್ಲ. ಮಾಡೆಲ್ ಟ್ರೇನ್ ಮಾಡ್ತೀರ, ತಪ್ಪು ಎಷ್ಟು ನೋಡ್ತೀರ, ತಿದ್ದುತ್ತೀರ. ಇದು ಇಟರೇಟಿವ್. ಧೈರ್ಯವಾಗಿ ಹಾಗೇ ಬರೀರಿ, ಪ್ರತಿ ಸುತ್ತಿನಲ್ಲಿ ತಪ್ಪು ಎಷ್ಟು ಇಳೀತು ಅಂತ ಟೇಬಲ್ ಹಾಕಿ. ತೇಜಸ್‌ನವರ ಸಾಲಲ್ಲಿ ನಿಂತಿದ್ದೀರ ಅಂದ್ಕೊಳ್ಳಿ, ಏನಂತೆ.

ಇಲ್ಲ, ಯಾರೋ ಒಬ್ಬರು ಬಳಸೋಕೆ ಅಂತ ಮಾಡ್ತಿದ್ದೀರಾ? ಅಂಗಡಿಗೆ, ಕ್ಲಿನಿಕ್‌ಗೆ, ಪಿಜಿಗೆ? ಆಗ ಗುರಿಯೇ ನಿಮಗೆ ಗೊತ್ತಿಲ್ಲ, ಗೊತ್ತಿದೆ ಅಂದ್ಕೊಂಡಿದ್ದೀರ. ಸಿನಾಪ್ಸಿಸ್‌ನಲ್ಲಿ ಆರು ಮಾಡ್ಯೂಲ್ ಬರೆಯೋ ಬದಲು ಮೂರು ಬರೀರಿ, ಉಳಿದದ್ದು ಬಳಕೆದಾರರ ಅಭಿಪ್ರಾಯ ನೋಡಿ ಅಂತ ಒಂದು ಸಾಲು ಹಾಕಿ ಗೈಡ್ ಹತ್ರ ಮೊದಲೇ ಮಾತಾಡಿ. ಒಪ್ಪೋ ಗೈಡ್‌ಗಳು ಇದ್ದಾರೆ, ನಾವು ಕೇಳಿಯೇ ಇರಲಿಲ್ಲ. ಎರಡನೇ ವಾರದಲ್ಲೇ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಸ್ಕ್ರೀನ್ ತೋರಿಸಿ ಸಾಕು, ಕೋಡ್ ಬೇಡ. ಅವರು ಏನಂದ್ರು, ನೀವು ಏನು ಬದಲಾಯಿಸಿದ್ರಿ ಅಂತ ತಾರೀಖು ಹಾಕಿ ಬರೆದಿಟ್ಕೊಳ್ಳಿ. ಆ ಹಾಳೆಗಳೇ ನಿಮ್ಮ ಮೆಥಡಾಲಜಿ ಚಾಪ್ಟರ್. ದುಂಡಗಿನ ಬಾಣ ಬೇಕಾಗಲ್ಲ.

ಗೈಡ್ ಖಡಾಖಂಡಿತವಾಗಿ ಆಗಲ್ಲ ಅಂದ್ರೆ? ಆಗ ಅದು ಇಟರೇಟಿವ್, ಹಾಗೇ ಬರೀರಿ.

ನಮ್ಮ ಕಥೆಗೆ ಬಾಲ ಒಂದು ಉಳಿದಿದೆ. ರಿಸಲ್ಟ್ ಬಂದ ಮೇಲೆ ನಾನು ಮತ್ತೆ ಪೈ ಚಾರ್ಟ್ ಫ್ರೆಂಡ್ ಕೂತು ಒಂದು ಭಾನುವಾರ ಒಂದೇ ಸ್ಕ್ರೀನ್ ಮಾಡಿದ್ವಿ. ಲಾಗಿನ್ ಇಲ್ಲ, ಪೇಮೆಂಟ್ ಇಲ್ಲ. ಗಿರಾಕಿಗೆ ಒಂದು ಲಿಂಕ್, ಅದರಲ್ಲಿ "ನಾಳೆ ಬೇಡ" ಬಟನ್. ರಾತ್ರಿ ಒಂಬತ್ತಕ್ಕೆ ಆಂಟಿ ವಾಟ್ಸಾಪ್‌ಗೆ ಹೆಸರುಗಳ ಪಟ್ಟಿ. ಮೊದಲ ವಾರ ಒಂಬತ್ತು ಗಂಟೆ ತಡ ಆಯ್ತು ಅಂದ್ರು, ಅಕ್ಕಿ ಅಳೆಯೋದು ಎಂಟೂವರೆಗಂತೆ. ಬದಲಾಯಿಸಿದ್ವಿ. ಹೆಸರು ಬೇಡ, ಯಾವ ಬಿಲ್ಡಿಂಗ್‌ಗೆ ಎಷ್ಟು ಅಂತ ಬರಲಿ ಅಂದ್ರು. ಅದನ್ನೂ ಮಾಡಿದ್ವಿ.

ನಿನ್ನೆ ಡಬ್ಬಿ ತರೋಕೆ ಹೋಗಿದ್ದೆ. "ಬೇಡ ಅಂದೋರ ಲೆಕ್ಕ ಸಿಗ್ತಾ ಐತೆ ಕಣಪ್ಪ. ತಗೊಂಡು ಹೋಗಿ ಡಬ್ಬಿ ವಾಪಸ್ ಕೊಡದೇ ಇರೋರ್ದು ಹೆಂಗೆ?" ಅಂತ ನನ್ನನ್ನೇ ನೋಡಿ ಕೇಳಿದ್ರು. ನನ್ನ ರೂಮಲ್ಲಿ ಅವರ ಮೂರು ಡಬ್ಬಿ ಇದೆ.

ಪಟ್ಟಿಯ ಮೊದಲ ಸಾಲಿನಲ್ಲಿ ಈಗ ಅದೇ ಇದೆ.

#ದೊಮ್ಮಲೂರು #ಫೈನಲ್‌ಇಯರ್ #ಕನ್ನಡದಲ್ಲಿ_ಟೆಕ್